ಹರಿಗೋಲಿನಿಂದ ಅಲ್ಯುಮಿನಿಯಮ್ ದೋಣಿಗೆ: ಸೊನ್ನದ ಹಿನ್ನೀರಿನಲ್ಲಿ ಮೊದಲ ಮೀನುದೋಣಿಯ ಆಯ್ಕೆ

1. ಪ್ರಸ್ತಾವನೆ

ಇತಿಹಾಸ ವಿಭಾಗದ ಸಂಶೋಧನ ಪತ್ರಿಕೆಯಲ್ಲಿ ಮೀನು ಹಿಡಿಯುವ ದೋಣಿಯನ್ನು ಕೊಳ್ಳುವ ವಿಚಾರಕ್ಕೆ ಸ್ಥಳವೆಲ್ಲಿಯದು ಎಂದು ವಾಚಕರು ಕೇಳಬಹುದು. ಈ ಲೇಖನಕ್ಕೆ ಕಾರಣವಾದುದು ತರಗತಿಯಲ್ಲಿ ಬಂದ ಒಂದು ಪ್ರಶ್ನೆ. ವಿಜಯನಗರಕ್ಕೆ ಬಂದ ವಿದೇಶೀಯರು ಕಂಡ ಹರಿಗೋಲುಗಳನ್ನು ಕುರಿತು ಪಾಠ ನಡೆದಿದ್ದಾಗ, ಭೀಮಾತೀರದ ಊರಿನಿಂದ ಬರುವ ವಿದ್ಯಾರ್ಥಿಯೊಬ್ಬನು ಎದ್ದುನಿಂತು, “ಸರ್, ನಮ್ಮ ಅಪ್ಪ ಸಾಲ ತೆಗೆದು ಅಲ್ಯುಮಿನಿಯಮ್ ದೋಣಿ ತಗೋಬೇಕಂತ ಮಾಡ್ಯಾರ್ರಿ. ಹರಿಗೋಲಿಗಿಂತ ಅದು ಚಲೋ ಏನ್ರಿ?” ಎಂದು ಕೇಳಿದನು. ಆ ಕ್ಷಣಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವನ್ನು ಹುಡುಕುತ್ತ ಹೋದಂತೆ, ಅದರ ಅರ್ಧಭಾಗ ಭೌತಶಾಸ್ತ್ರಕ್ಕೆ ಸೇರಿದ್ದರೂ ಉಳಿದ ಅರ್ಧಭಾಗ ಇತಿಹಾಸಕ್ಕೇ ಸೇರಿದ್ದೆಂಬುದು ಸ್ಪಷ್ಟವಾಯಿತು.

ಪ್ರಸ್ತುತ ಲೇಖನದ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಳೆಯ ಸಾಧನವೊಂದು ಶತಮಾನಗಳ ಬಳಕೆಯಿಂದ ಕೆಲವು ಗುಣಗಳನ್ನು ಮೈಗೂಡಿಸಿಕೊಂಡಿರುತ್ತದೆ. ಅವು ಕೊಳ್ಳುವವನು ಕೇಳದೆಯೇ ಅವನಿಗೆ ದೊರೆಯುತ್ತವೆ. ಹೊಸ ಸಾಧನಕ್ಕೆ ತಿರುಗಿದಾಗ ಆ ಗುಣಗಳನ್ನು ಒಂದೊಂದಾಗಿ ಹೆಸರಿಸಿ, ಕೇಳಿ, ಬೆಲೆಕೊಟ್ಟು ಪಡೆಯಬೇಕಾಗುತ್ತದೆ. ಕೇಳಲು ಮರೆತ ಗುಣವೇ ಪ್ರಾಣಕ್ಕೆ ಎರವಾಗಬಹುದು.

2. ಬದಲಾದ ನೀರು

ಭೀಮಾ ನದಿಯು ಮಹಾರಾಷ್ಟ್ರದ ಭೀಮಾಶಂಕರದಲ್ಲಿ ಹುಟ್ಟಿ, ಸುಮಾರು 860 ಕಿಲೋಮೀಟರು ಹರಿದು ಕೃಷ್ಣೆಯನ್ನು ಸೇರುತ್ತದೆ. ಕಲಬುರಗಿ ಜಿಲ್ಲೆಯಲ್ಲಿ ಅದು ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಸೀಮೆಯಲ್ಲಿ ಹರಿಯುತ್ತದೆ. ಗಾಣಗಾಪುರದ ಬಳಿ ಅಮರ್ಜೆಯು ಅದನ್ನು ಕೂಡಿಕೊಳ್ಳುತ್ತದೆ. ಹಿಂದಿನ ಭೀಮೆ ಮಳೆಗಾಲದಲ್ಲಿ ದಡ ಮೀರಿ ಹರಿದು, ಬೇಸಗೆಯಲ್ಲಿ ಬಂಡೆಗಳ ನಡುವಣ ಮಡುಗಳಾಗಿ ಉಳಿಯುತ್ತಿದ್ದ ಹೊಳೆ. ಅದರಲ್ಲಿ ದೋಣಿಯ ಮುಖ್ಯ ಕೆಲಸ ತುಂಬಿದ ಹೊಳೆಯನ್ನು ದಾಟಿಸುವುದು. ಮೀನುಗಾರನು ಮಡುವಿನಲ್ಲಿ ಬೀಸುಬಲೆ ಹಾಕಲು ಬಹುಮಟ್ಟಿಗೆ ತನ್ನ ಕಾಲುಗಳನ್ನೇ ನಂಬಿದ್ದನು.

ಸೊನ್ನದಲ್ಲಿ ಭೀಮಾ ಏತ ನೀರಾವರಿ ಯೋಜನೆಯ ಬ್ಯಾರೇಜು ನಿರ್ಮಾಣವಾದ ಮೇಲೆ ಈ ಚಿತ್ರ ಬದಲಾಯಿತು. ಸುಮಾರು 3 ಟಿ.ಎಂ.ಸಿ. ನೀರನ್ನು ಹಿಡಿದಿಡಬಲ್ಲ ಈ ಕಟ್ಟೆಯ ಹಿಂದೆ ನದಿಯು ಉದ್ದನೆಯ ಸರೋವರದ ರೂಪವನ್ನು ತಾಳಿದೆ. ನೀರು ಆಳವಾಯಿತು, ಅಗಲವಾಯಿತು, ಹರಿವು ಮಂದವಾಯಿತು. ಇಂಥ ನಿಂತ ನೀರಿಗೆ ಬಿತ್ತನೆಯಾಗುವ ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಆಳದಲ್ಲಿಯೂ ದಡದಿಂದ ದೂರದಲ್ಲಿಯೂ ಬೆಳೆಯುತ್ತವೆ. ಅವನ್ನು ಹಿಡಿಯಲು ಗೋಡೆಯಂತೆ ನೀರಿನಲ್ಲಿ ನಿಲ್ಲಿಸುವ ಉದ್ದನೆಯ ಬಲೆಗಳು ಬೇಕು. ಆ ಬಲೆಗಳನ್ನು ಸಂಜೆ ಇಳಿಸಿ ಬೆಳಗಿನ ಜಾವ ಎತ್ತಲು ದೋಣಿ ಬೇಕು. ಹೀಗೆ ದಾಟುವುದಕ್ಕೆ ಮಾತ್ರ ಬೇಕಾಗಿದ್ದ ದೋಣಿಯು ದುಡಿಯುವ ಸ್ಥಳವಾಗಿ ಪರಿಣಮಿಸಿತು.

ಆದರೆ ಈ ಸರೋವರವು ಸಂಪೂರ್ಣವಾಗಿ ಶಾಂತವಾದುದೆಂದು ಭಾವಿಸಬಾರದು. ಮೇಲ್ಭಾಗದಲ್ಲಿ ಸೊಲ್ಲಾಪುರ ಜಿಲ್ಲೆಯ ಉಜನಿ ಜಲಾಶಯವಿದೆ. ಅಲ್ಲಿಂದ ನೀರು ಬಿಟ್ಟಾಗ ಸೊನ್ನದ ಬಾಗಿಲುಗಳನ್ನೂ ತೆರೆಯಬೇಕಾಗುತ್ತದೆ. 2020ರ ಅಕ್ಟೋಬರಿನಲ್ಲಿಯೂ 2025ರ ಸೆಪ್ಟೆಂಬರಿನಲ್ಲಿಯೂ ಭೀಮೆಯ ಪ್ರವಾಹವು ತೀರದ ಊರುಗಳನ್ನು ಹೊಕ್ಕಿತು. ಬೇಸಗೆಯಲ್ಲಿ ನೀರು ಇಳಿದಾಗ ಮುಳುಗಿದ್ದ ಕರಿಕಲ್ಲಿನ ಬಂಡೆಗಳು ಮತ್ತೆ ಮೇಲೇಳುತ್ತವೆ. ಆದುದರಿಂದ ಇಲ್ಲಿಯ ದೋಣಿಯು ವರ್ಷಕ್ಕೆ ಮೂರು ಬಗೆಯ ನೀರನ್ನು ಎದುರಿಸಬೇಕು: ಚಳಿಗಾಲದ ನಿಂತ ನೀರು, ಬೇಸಗೆಯ ತೆಳುನೀರು, ಮಳೆಗಾಲದ ಸೆಳವು.

3. ಹರಿಗೋಲು ಕೇಳದೆ ಕೊಟ್ಟ ಗುಣಗಳು

ಬಿದಿರಿನ ಹೆಣಿಗೆಗೆ ತೊಗಲು ಹೊದಿಸಿದ ದುಂಡು ಹರಿಗೋಲು ಕೃಷ್ಣಾ, ತುಂಗಭದ್ರಾ, ಭೀಮಾ ಬಯಲುಗಳ ಪ್ರಾಚೀನ ವಾಹನ. ಕ್ರಿ.ಶ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು, ಬುಟ್ಟಿಯಂತಹ ಈ ದೋಣಿಗಳು ಹದಿನೈದು ಇಪ್ಪತ್ತು ಜನರನ್ನು ಹೊರಬಲ್ಲವೆಂದೂ, ನೇರವಾಗಿ ಚಲಿಸದೆ ಸುತ್ತುತ್ತ ಸಾಗುತ್ತವೆಂದೂ ಬರೆದಿದ್ದಾನೆ. 1803ರ ಮರಾಠಾ ಯುದ್ಧದ ಕಾಲದಲ್ಲಿ ಆರ್ಥರ್ ವೆಲ್ಲೆಸ್ಲಿಯು ತುಂಬಿದ ಹೊಳೆಗಳನ್ನು ದಾಟಲು ತನ್ನ ಸೈನ್ಯಕ್ಕಾಗಿ ಇಂತಹವುಗಳನ್ನೇ ಮಾಡಿಸಿದನು. ಹನ್ನೆರಡನೆಯ ಶತಮಾನದ ವಚನಕಾರನಾದ ಅಂಬಿಗರ ಚೌಡಯ್ಯನ ಹೆಸರಿನಲ್ಲಿಯೇ ದೋಣಿ ನಡೆಸುವ ಕಾಯಕದ ಗೌರವವು ಉಳಿದುಬಂದಿದೆ.

ಇಷ್ಟು ದೀರ್ಘಕಾಲ ಉಳಿದ ವಸ್ತುವಿನಲ್ಲಿ ಗುಣವಿರಲೇಬೇಕು. ಮೊದಲನೆಯದು, ಹರಿಗೋಲು ಗೇಣುದ್ದದ ನೀರಿನಲ್ಲಿಯೂ ತೇಲುತ್ತದೆ. ಎರಡನೆಯದು, ಸಣ್ಣ ಹರಿಗೋಲನ್ನು ಒಬ್ಬನೇ ತಲೆಯ ಮೇಲೆ ಹೊತ್ತು ದಡವೇರಬಲ್ಲನು. ಮೂರನೆಯದು, ಬಂಡೆಗೆ ತಾಗಿದರೆ ಬಿದಿರು ಬಾಗಿ ಪೆಟ್ಟನ್ನು ನುಂಗಿಕೊಳ್ಳುತ್ತದೆ. ನಾಲ್ಕನೆಯದು, ಹರಿದರೆ ಊರಿನಲ್ಲಿಯೇ ದುರಸ್ತಿಯಾಗುತ್ತದೆ. ಐದನೆಯದು, ಎಲ್ಲಕ್ಕಿಂತ ಮುಖ್ಯವಾದುದು, ನೀರು ತುಂಬಿದರೂ ಅದರ ಬಿದಿರು ತಾನಾಗಿ ತೇಲಲೆಳಸುತ್ತದೆ. ಬಿದ್ದವನು ಅದನ್ನು ಹಿಡಿದುಕೊಳ್ಳಬಹುದು.

ಅದರ ದೋಷಗಳೂ ಅಷ್ಟೇ ಸ್ಪಷ್ಟ. ಗಾಳಿಗೆದುರಾಗಿ ಅಗಲವಾದ ಹಿನ್ನೀರಿನಲ್ಲಿ ಅದನ್ನು ನಡೆಸುವುದು ಶ್ರಮದ ಕೆಲಸ. ಉದ್ದನೆಯ ಬಲೆಯನ್ನು ನೇರವಾಗಿ ಇಳಿಸುವಾಗ ಅದು ತಿರುಗುತ್ತದೆ. ಯಂತ್ರವನ್ನು ಕೂರಿಸಲು ಅದರಲ್ಲಿ ಸ್ಥಳವಿಲ್ಲ. ಹೊಸ ನೀರಿಗೆ ಹೊಸ ದೋಣಿಯನ್ನು ಬಯಸುವುದು ಆದಕಾರಣ ಬರಿಯ ಮೋಹವಲ್ಲ, ನ್ಯಾಯವಾದ ಬಯಕೆ.

4. ಲೋಹದ ಸ್ವಭಾವ

ಅಲ್ಯುಮಿನಿಯಮನ್ನು ಅಗ್ಗವಾಗಿ ಬೇರ್ಪಡಿಸುವ ವಿದ್ಯುತ್ ವಿಧಾನವು ಕಂಡುಬಂದುದು 1886ರಲ್ಲಿ. 1890ರ ದಶಕದಲ್ಲಿಯೇ ಯೂರೋಪಿನಲ್ಲಿ ಈ ಲೋಹದ ದೋಣಿಗಳು ತಯಾರಾದವು. ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ ಅಮೆರಿಕದ ಗ್ರಮ್ಮನ್ ವಿಮಾನ ಕಂಪನಿಯು ಅಲ್ಯುಮಿನಿಯಮ್ ತಗಡಿನಿಂದ ಸಣ್ಣ ದೋಣಿಗಳನ್ನು ಮಾಡಲಾರಂಭಿಸಿತು. ಆ ಮೇಲೆ ಇವು ಸರೋವರಗಳ ಸಾಮಾನ್ಯ ವಾಹನಗಳಾದವು.

ಇದರ ಹಿರಿಯ ಗುಣ ಹಗುರತನ. ಒಂದು ಘನ ಸೆಂಟಿಮೀಟರು ಉಕ್ಕು ಸುಮಾರು 7.8 ಗ್ರಾಂ ತೂಗಿದರೆ ಅಲ್ಯುಮಿನಿಯಮ್ 2.7 ಗ್ರಾಂ ತೂಗುತ್ತದೆ. ಇದು ಮರದಂತೆ ಕೊಳೆಯದು, ಕಬ್ಬಿಣದಂತೆ ತುಕ್ಕು ಹಿಡಿಯದು. ಆದರೆ ನಮ್ಮ ಸೀಮೆಯಲ್ಲಿ ‘ಜರ್ಮನ್’ ಎಂದು ಕರೆಯುವ ಅಡುಗೆಪಾತ್ರೆಯ ತಗಡಿಗೂ ದೋಣಿಯ ತಗಡಿಗೂ ಭೇದವಿದೆ. ಶುದ್ಧ ಅಲ್ಯುಮಿನಿಯಮ್ ಮೆದುವಾದುದು. ದೋಣಿಗೆ ಒಪ್ಪುವುದು ಮೆಗ್ನೀಸಿಯಮ್ ಬೆರೆತ ಮಿಶ್ರಲೋಹ; ವ್ಯಾಪಾರದಲ್ಲಿ 5052, 5083 ಎಂಬ ಸಂಖ್ಯೆಗಳಿಂದ ಗುರುತಿಸುವ ತಗಡುಗಳು ಈ ಜಾತಿಯವು. ತಾಮ್ರ ಬೆರೆತ ಅಲ್ಯುಮಿನಿಯಮ್ ಬಲವಾಗಿದ್ದರೂ ನೀರಿನಲ್ಲಿ ಬೇಗನೆ ಸವೆಯುತ್ತದೆ. ತಗಡಿನ ಸಂಖ್ಯೆ ಯಾವುದೆಂದು ಮಾರುವವನನ್ನು ಕೇಳಿ, ಅದನ್ನು ರಸೀತಿಯಲ್ಲಿ ಬರೆಸಿಕೊಳ್ಳುವುದು ಕೊಳ್ಳುವವನ ಮೊದಲ ಕರ್ತವ್ಯ.

ಈ ಲೋಹಕ್ಕೆ ಎರಡು ಶತ್ರುಗಳಿವೆ. ಒಂದು, ಬೇರೆ ಲೋಹದ ಸ್ಪರ್ಶ. ತಾಮ್ರ, ಹಿತ್ತಾಳೆಗಳು ನೀರಿನೊಡನೆ ಸೇರಿ ಅಲ್ಯುಮಿನಿಯಮಿಗೆ ತಾಗಿದರೆ ಅಲ್ಲಿ ಸಣ್ಣದೊಂದು ವಿದ್ಯುತ್ ಕೋಶವೇ ಏರ್ಪಟ್ಟು ಅಲ್ಯುಮಿನಿಯಮ್ ಕರಗುತ್ತದೆ. ದೋಣಿಪೂಜೆಯ ದಿನ ತಳದಲ್ಲಿ ಹಾಕಿದ ತಾಮ್ರದ ನಾಣ್ಯವು ಅಲ್ಲಿಯೇ ಉಳಿದು, ತಿಂಗಳುಗಟ್ಟಲೆ ನೀರಿನಲ್ಲಿ ಕುಳಿತರೆ ತಗಡಿನಲ್ಲಿ ಕುಳಿಯನ್ನು ತೋಡಬಲ್ಲದು. ಪೂಜೆ ಮುಗಿದೊಡನೆ ನಾಣ್ಯವನ್ನು ತೆಗೆದು ಹೊಳೆಗೆ ಅರ್ಪಿಸುವುದು ಲೇಸು. ಇನ್ನೊಂದು ಶತ್ರು ಕ್ಷಾರ. ಒದ್ದೆ ಸುಣ್ಣ, ಸಿಮೆಂಟು, ಬೂದಿ ಇವು ಈ ಲೋಹವನ್ನು ತಿನ್ನುತ್ತವೆ. ಇವುಗಳ ಚೀಲಗಳನ್ನು ಮೀನುದೋಣಿಯಲ್ಲಿ ಸಾಗಿಸಬಾರದು.

5. ತಳದ ಆಕಾರ ಮತ್ತು ಪಕ್ಕೆಯ ಎತ್ತರ

ಅಲ್ಯುಮಿನಿಯಮ್ ದೋಣಿಗಳು ಸ್ಥೂಲವಾಗಿ ಎರಡು ಬಗೆ: ಚಪ್ಪಟೆ ತಳದವು ಮತ್ತು ಕೆಳಗೆ ಚೂಪಾದ ತಳದವು. ಚೂಪು ತಳವು ಅಲೆಯನ್ನು ಸೀಳಿ ಹೋಗುತ್ತದೆ. ಆದರೆ ಅದಕ್ಕೆ ಆಳವಾದ ನೀರೂ ಬಲವಾದ ಯಂತ್ರವೂ ಬೇಕು. ಚಪ್ಪಟೆ ತಳವು ಅಲೆಯ ಮೇಲೆ ಬಡಿಯುತ್ತದೆ. ಆದರೆ ತೆಳುನೀರಿನಲ್ಲಿ ಚಲಿಸುತ್ತದೆ ಮತ್ತು ನಿಂತು ಕೆಲಸಮಾಡುವವನಿಗೆ ಸ್ಥಿರವಾಗಿರುತ್ತದೆ. ವರ್ಷದಲ್ಲಿ ಹಲವು ತಿಂಗಳು ನೀರು ಇಳಿಯುವ ಸೊನ್ನದಂತಹ ಹಿನ್ನೀರಿನಲ್ಲಿ, ನಿಂತು ಬಲೆ ಎಳೆಯುವವನ ಮೊದಲ ದೋಣಿಗೆ ಚಪ್ಪಟೆ ತಳವೇ ಯೋಗ್ಯ. ಮೂತಿಯು ತುಸು ಮೇಲೆದ್ದಿದ್ದರೆ ಬಡಿತ ಕಡಮೆಯಾಗುತ್ತದೆ.

ಅಳತೆಯ ವಿಚಾರವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಹನ್ನೆರಡು ಅಡಿ ಉದ್ದ, ನಾಲ್ಕು ಅಡಿ ತಳದಗಲದ ದೋಣಿಯೊಂದನ್ನು ಭಾವಿಸೋಣ. ಮೂತಿಯ ಕಡೆ ಕಿರಿದಾಗುವುದನ್ನು ಕಳೆದರೆ ನೀರನ್ನು ಒತ್ತುವ ತಳ ಸುಮಾರು 4 ಚದರ ಮೀಟರು. ಆರ್ಕಿಮಿಡೀಸನ ನಿಯಮದಂತೆ ಅದು ಒಂದು ಸೆಂಟಿಮೀಟರು ಮುಳುಗಿದಾಗಲೆಲ್ಲ 40 ಕಿಲೋ ಭಾರವನ್ನು ಹೊರುತ್ತದೆ. ದೋಣಿ 80 ಕಿಲೋ, ಇಬ್ಬರು ಆಳು 130, ಬಲೆ, ಮೀನು, ಮಂಜುಗಡ್ಡೆ ಮೊದಲಾದವು 110; ಒಟ್ಟು 320 ಕಿಲೋ. ಮುಳುಗುವ ಆಳ 8 ಸೆಂಟಿಮೀಟರು ಮಾತ್ರ. ಇದನ್ನು ನೋಡಿ, ಒಂದಡಿ ಎತ್ತರದ ಪಕ್ಕೆಯೇ ಧಾರಾಳವಾಯಿತೆಂದು ತೋರಬಹುದು.

ಮೋಸವಾಗುವುದು ಇಲ್ಲಿಯೇ. ಬಲೆ ಎಳೆಯುವಾಗ ಇಬ್ಬರೂ ಒಂದೇ ಪಕ್ಕಕ್ಕೆ ಬರುತ್ತಾರೆ. ಆಗ ಮೇಲಿನ ದೋಣಿಯು ಆ ಕಡೆಗೆ ವಾಲಿ, ಅದರ ಅಂಚು ಇನ್ನೂ ಸುಮಾರು 12ರಿಂದ 15 ಸೆಂಟಿಮೀಟರು ಕೆಳಗಿಳಿಯುತ್ತದೆ. ಪಕ್ಕೆಯ ಎತ್ತರ 30 ಸೆಂಟಿಮೀಟರಿದ್ದರೆ ನೀರಿನ ಮೇಲೆ ಉಳಿಯುವುದು ನಾಲ್ಕು ಬೆರಳಿಗಿಂತ ತುಸು ಹೆಚ್ಚು. ಗಾಳಿಯೆದ್ದ ಸಂಜೆಯ ಒಂದು ಅಲೆ ಸಾಕು. ಎತ್ತರ 45 ಸೆಂಟಿಮೀಟರಿದ್ದರೆ ಗೇಣಿನಷ್ಟು ಉಳಿಯುತ್ತದೆ. ಆದಕಾರಣ ಉದ್ದವನ್ನು ಒಂದಡಿ ಕಡಮೆ ಮಾಡಿಯಾದರೂ ತಳದಗಲವನ್ನೂ ಪಕ್ಕೆಯ ಎತ್ತರವನ್ನೂ ಉಳಿಸಿಕೊಳ್ಳಬೇಕು. ಅಂಗಡಿಯಲ್ಲಿ ಕಣ್ಣಿಗೆ ಬೀಳುವುದು ಉದ್ದ. ನೀರಿನಲ್ಲಿ ಕಾಯುವುದು ಅಗಲ ಮತ್ತು ಎತ್ತರ.

6. ನೀರು ತುಂಬಿದಾಗ

ನೀರು ತುಂಬಿದ ಹರಿಗೋಲಿನ ಬಿದಿರು ತೇಲುತ್ತದೆ. ನೀರು ತುಂಬಿದ ಬರಿಯ ಅಲ್ಯುಮಿನಿಯಮ್ ದೋಣಿ ಕಲ್ಲಿನಂತೆ ಮುಳುಗುತ್ತದೆ. 80 ಕಿಲೋ ಲೋಹವು ಪೂರ್ತಿ ಮುಳುಗಿದಾಗ ಪಕ್ಕಕ್ಕೆ ಸರಿಸುವ ನೀರು ಸುಮಾರು 30 ಕಿಲೋ. ಉಳಿದ 50 ಕಿಲೋ ಅದನ್ನು ತಳಕ್ಕೆ ಸೆಳೆಯುತ್ತದೆ. ಲೋಹದ ದೋಣಿ ನೀರಿನ ಮೇಲಿರುವುದು ಅದರ ಟೊಳ್ಳಿನಿಂದ ಮಾತ್ರ. ಫೈಬರ್ ದೋಣಿ, ಫೈಬರ್ ಹರಿಗೋಲುಗಳಿಗೂ ಈ ಮಾತು ಸಲ್ಲುತ್ತದೆ. ಅವುಗಳ ವಸ್ತುವೂ ನೀರಿಗಿಂತ ಭಾರವಾದುದೇ.

ಈ ಕೊರತೆಯನ್ನು ತುಂಬಲು ದೋಣಿಯಲ್ಲಿ ತೇಲುಪೆಟ್ಟಿಗೆಗಳನ್ನು ಕೂರಿಸುತ್ತಾರೆ. ಮೇಲಿನ ದೋಣಿಗೆ 50 ಲೀಟರಿನ ತೇಲುಗಾತ್ರವು ದೋಣಿಯೊಂದಕ್ಕೇ ಬೇಕು. ಅಂಚನ್ನು ಹಿಡಿದು ತಲೆಯನ್ನು ನೀರಿನಿಂದ ಮೇಲೆತ್ತಿಕೊಳ್ಳುವ ಪ್ರತಿಯೊಬ್ಬನಿಗೂ 10 ಕಿಲೋದಷ್ಟು ಆಸರೆ ಬೇಕು. ಯಂತ್ರವಿದ್ದರೆ ಅದರ ಭಾರ ಬೇರೆ. ಎಲ್ಲವನ್ನೂ ಕೂಡಿಸಿ 100ರಿಂದ 120 ಲೀಟರು ತೇಲುಗಾತ್ರವಿಲ್ಲದ ದೋಣಿಯನ್ನು ಕೊಳ್ಳಬಾರದು. ಎಂದರೆ ಮುಚ್ಚಳ ಬಿಗಿದ 20 ಲೀಟರಿನ ಆರು ಖಾಲಿ ಕ್ಯಾನುಗಳಷ್ಟು ಸ್ಥಳ.

ಗಾತ್ರದಷ್ಟೇ ಸ್ಥಾನವೂ ಮುಖ್ಯ. ತೇಲುವ ವಸ್ತುವೆಲ್ಲ ತಳದಲ್ಲಿಯೇ ಇದ್ದರೆ, ನೀರು ತುಂಬಿದ ದೋಣಿ ಮಗುಚಿಕೊಂಡು ತೇಲುತ್ತದೆ. ಅದು ಎರಡೂ ತುದಿಗಳಲ್ಲಿ, ಪಕ್ಕೆಗಳ ಮೇಲ್ಭಾಗದಲ್ಲಿ, ಕೂರುವ ಹಲಗೆಗಳ ಕೆಳಗೆ ಹಂಚಿಕೊಂಡಿರಬೇಕು. ಬರಿಯ ಗಾಳಿಪೆಟ್ಟಿಗೆಯಲ್ಲಿ ಬಿರುಕು ಬಿಟ್ಟರೆ ತಿಳಿಯದು. ನೀರು ಹೀರದ ಗಟ್ಟಿ ಫೋಮ್ ತುಂಬಿದುದು ಉತ್ತಮ. ಥರ್ಮಾಕೋಲನ್ನು ತುಂಬಿದ್ದರೆ ಅದಕ್ಕೆ ಪೆಟ್ರೋಲ್ ತಾಗಬಾರದು, ತಾಗಿದರೆ ಕರಗುತ್ತದೆ. ಹೀಗೆ ಬಿದಿರು ಬಿಟ್ಟಿಯಾಗಿ ಕೊಟ್ಟ ಗುಣವನ್ನು ಇಲ್ಲಿ ಲೀಟರಿನ ಲೆಕ್ಕದಲ್ಲಿ ಕೊಳ್ಳಬೇಕಾಗಿದೆ.

7. ತಗಡಿನ ದಪ್ಪ ಮತ್ತು ಜೋಡಣೆ

ಒಂದು ಚದರ ಮೀಟರು ತಗಡು 2 ಮಿಲಿಮೀಟರು ದಪ್ಪವಿದ್ದರೆ 5.4 ಕಿಲೋ, 3 ಮಿಲಿಮೀಟರಿದ್ದರೆ 8.1 ಕಿಲೋ ತೂಗುತ್ತದೆ. ತೆಳು ತಗಡಿನ ದೋಣಿಯನ್ನು ಎತ್ತುವುದು ಸುಲಭ. ಆದರೆ ಅಫಜಲಪುರ ಸೀಮೆಯ ಕರಿಕಲ್ಲು ಅದನ್ನು ಬೇಗ ತಗ್ಗುಮಾಡುತ್ತದೆ. ಬಂಡೆಗೆ ತಾಗುವುದು ತಳ. ಆದಕಾರಣ ತಳಕ್ಕೆ ದಪ್ಪ ತಗಡು, ಪಕ್ಕೆಗಳಿಗೆ ತೆಳುವಾದುದು ಎಂಬುದು ಮಧ್ಯಮಮಾರ್ಗ. ತಳದ ಹೊರಗೆ ಉದ್ದುದ್ದವಾಗಿ ಎರಡು ಮೂರು ಪಟ್ಟಿಗಳಿದ್ದರೆ ಉಜ್ಜುವಿಕೆಯನ್ನು ಅವೇ ತಾಳಿಕೊಳ್ಳುತ್ತವೆ. ದೋಣಿ ನೇರವಾಗಿ ಸಾಗಲು ಸಹ ನೆರವಾಗುತ್ತವೆ. ಎರೆಮಣ್ಣಿನ ಜಾರುದಡದಲ್ಲಿ ದೋಣಿಯನ್ನು ಎಳೆಯಬೇಕಾದ್ದರಿಂದ, ಮನೆಯಲ್ಲಿರುವ ಕೈಗಳ ಲೆಕ್ಕವನ್ನು ತೂಕದೊಡನೆ ಹೊಂದಿಸಿ ನೋಡಬೇಕು.

ತಗಡುಗಳನ್ನು ರಿವೆಟಿನಿಂದಾಗಲಿ ವೆಲ್ಡಿಂಗಿನಿಂದಾಗಲಿ ಜೋಡಿಸುತ್ತಾರೆ. ರಿವೆಟುಗಳು ಕಾಲಕ್ರಮದಲ್ಲಿ ಸಡಿಲವಾಗಿ ಒಸರುತ್ತವೆ. ಆದರೆ ಸಾಧಾರಣ ಉಪಕರಣಗಳಿಂದ ಅವನ್ನು ಬದಲಿಸಬಹುದು. ವೆಲ್ಡಿಂಗಿನ ಜೋಡಣೆ ಗಟ್ಟಿಯಾದುದು. ಆದರೆ ಒಡೆದಾಗ ಆರ್ಗಾನ್ ಅನಿಲದ ನೆರವಿನಿಂದ ಬೆಸೆಯುವ ನುರಿತ ಕೆಲಸಗಾರನು ಬೇಕು, ಕಬ್ಬಿಣ ಬೆಸೆಯುವವನಿಂದ ಆಗದು. ಇಂಥವನು ಎಷ್ಟು ದೂರದಲ್ಲಿದ್ದಾನೆ ಎಂಬುದನ್ನು ಕೊಳ್ಳುವ ಮೊದಲೇ ವಿಚಾರಿಸಬೇಕು. ದೋಣಿ ಒಂದು ತಿಂಗಳು ದಡದ ಮೇಲೆ ಬಿದ್ದಿದ್ದರೂ ಸಾಲದ ಕಂತು ನಿಲ್ಲುವುದಿಲ್ಲ.

8. ಚಾಲನೆ ಮತ್ತು ಇತರ ಸಂಗತಿಗಳು

ಮೊದಲ ವರ್ಷ ಹುಟ್ಟಿನಿಂದಲೇ ದೋಣಿಯನ್ನು ನಡೆಸಿ, ಸಂಪಾದನೆಯನ್ನು ನೋಡಿಕೊಂಡು ಯಂತ್ರದ ಯೋಚನೆ ಮಾಡುವುದು ವಿವೇಕ. ಆದರೆ ಯಂತ್ರ ಕೂರಿಸುವ ಹಿಂಭಾಗದ ಗೋಡೆಯನ್ನು ಈಗಲೇ ಬಲವಾಗಿ ಮಾಡಿಸಬೇಕು. ಹೊರಗೆ ತೂಗುಹಾಕುವ ಸಣ್ಣ ಯಂತ್ರಗಳ ಕಂಬವು ಸಾಮಾನ್ಯವಾಗಿ 15 ಅಥವಾ 20 ಅಂಗುಲದ ಗೋಡೆಗೆ ಹೊಂದುವಂತಿರುತ್ತದೆ. ಈ ಅಳತೆ ತಪ್ಪಿದರೆ ತಿರುಗುರೆಕ್ಕೆ ಬಂಡೆಗೆ ತಾಗುತ್ತದೆ ಇಲ್ಲವೆ ಗಾಳಿಯಲ್ಲಿ ತಿರುಗುತ್ತದೆ. ಜಲಕಳೆ ಹಬ್ಬಿದೆಡೆ ಯಂತ್ರಕ್ಕಿಂತ ಗಣೆಯೇ ಮೇಲು.

ಬಲೆ ಸಿಕ್ಕಿಕೊಳ್ಳದಂತೆ ಅಂಚು ಸುತ್ತಿ ನುಣುಪಾಗಿರಬೇಕು. ಕಲಬುರಗಿಯ ಬೇಸಗೆಯಲ್ಲಿ ಉಷ್ಣತೆ 40 ಡಿಗ್ರಿಯನ್ನು ಮೀರುವುದು ವಾಡಿಕೆ. ಬರಿಯ ಲೋಹದ ಮೇಲೆ ಕಾಲಿಡಲಾಗದು, ಕೂರಲಾಗದು. ಮರದ ಅಡಿಹಲಗೆಯನ್ನು ಹಾಸಿದರೆ ಸುಡುವುದು, ಜಾರುವುದು, ಸದ್ದಾಗುವುದು ಮೂರೂ ತಪ್ಪುತ್ತವೆ. ತಳದಲ್ಲಿ ನೀರು ಬಿಡುವ ತೂತು ಮತ್ತು ಅದಕ್ಕೆ ಬಿಗಿಯಾದ ಬಿರಡೆ ಇರಬೇಕು. ಬಿರಡೆಯನ್ನು ದೋಣಿಗೇ ದಾರದಿಂದ ಕಟ್ಟಿರಬೇಕು.

ಲೋಹವು ವಿದ್ಯುದ್ವಾಹಕವೆಂಬುದನ್ನು ಮರೆಯಲಾಗದು. ತೀರದಲ್ಲಿ ಪಂಪುಸೆಟ್ಟುಗಳಿಗೆ ಎಳೆದ ತಂತಿಗಳು ಕೆಳಗೆ ಜೋತಿರುವೆಡೆ ಬಿದಿರಿನ ಹರಿಗೋಲಿಗೆ ಇಲ್ಲದಿದ್ದ ಅಪಾಯವೊಂದು ಅಲ್ಯುಮಿನಿಯಮ್ ದೋಣಿಗೆ ಇದೆ. ಗುಡುಗು ಕೇಳಿದೊಡನೆ ದಡ ಸೇರಬೇಕು. ಬ್ಯಾರೇಜಿನ ಬಾಗಿಲುಗಳ ಸಮೀಪಕ್ಕೆ, ಮೇಲ್ಗಡೆಯಿಂದಾಗಲಿ ಕೆಳಗಡೆಯಿಂದಾಗಲಿ, ಯಾವ ದೋಣಿಯನ್ನೂ ಒಯ್ಯಬಾರದು. ಪ್ರವಾಹದ ಎಚ್ಚರಿಕೆ ಬಂದ ದಿನ ಒಳ್ಳೆಯ ದೋಣಿಗೂ ಕೆಟ್ಟ ದೋಣಿಗೂ ಭೇದವಿಲ್ಲ.

9. ಕೊಳ್ಳುವ ಮುನ್ನ ಪರೀಕ್ಷೆ

ಮೇಲಿನ ವಿಚಾರಗಳನ್ನು ಮೂರು ಪರೀಕ್ಷೆಗಳಲ್ಲಿ ಅಡಕಮಾಡಬಹುದು. ಒಂದನೆಯದು, ದೋಣಿಯನ್ನು ನೆಲದ ಮೇಲೆ ಸಮವಾಗಿ ಕೂರಿಸಿ, ಒಳಗೆ ನಾಲ್ಕು ಬೆರಳು ನೀರು ನಿಲ್ಲಿಸಿ, ರಾತ್ರಿ ಕಳೆದ ಮೇಲೆ ಹೊರಗಿನ ಜೋಡಣೆಗಳನ್ನು ನೋಡುವುದು. ಎಲ್ಲಿ ಒದ್ದೆಯಿದೆಯೋ ಅಲ್ಲಿ ದೋಷವಿದೆ. ಎರಡನೆಯದು, ಎದೆಮಟ್ಟದ ನೀರಿನಲ್ಲಿ ಇಬ್ಬರು ಒಂದೇ ಪಕ್ಕಕ್ಕೆ ನಿಂತು ಬಲೆ ಎಳೆಯುವಂತೆ ಬಾಗುವುದು. ಅಂಚು ಮತ್ತು ನೀರಿನ ನಡುವೆ ಗೇಣು ಉಳಿಯಬೇಕು. ಮೂರನೆಯದು, ಅಲ್ಲಿಯೇ ದೋಣಿಗೆ ನೀರು ತುಂಬಿಸಿ, ಇಬ್ಬರು ಹೊರಗಿನಿಂದ ಅಂಚನ್ನು ಹಿಡಿದು ತೂಗುವುದು; ದೋಣಿಯು ನೆಟ್ಟಗೆ ತೇಲುತ್ತಿರಬೇಕು. ಮೂರನೆಯ ಪರೀಕ್ಷೆಗೆ ಒಪ್ಪದ ಮಾರಾಟಗಾರನಿಂದ ದೋಣಿಯನ್ನು ಕೊಳ್ಳದಿರುವುದೇ ಕ್ಷೇಮ.

10. ಉಪಸಂಹಾರ

ವಿದ್ಯಾರ್ಥಿಯ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಅಗಲವಾದ ಹಿನ್ನೀರಿನಲ್ಲಿ ಉದ್ದನೆಯ ಬಲೆ ಹಾಕುವವನಿಗೆ ಅಲ್ಯುಮಿನಿಯಮ್ ದೋಣಿ ಹರಿಗೋಲಿಗಿಂತ ಮೇಲು. ಆದರೆ ಅಗಲವಾದ ಚಪ್ಪಟೆ ತಳ, ಮೊಳದೆತ್ತರದ ಪಕ್ಕೆ, 100 ಲೀಟರಿಗೆ ಕಡಮೆಯಿಲ್ಲದ ತೇಲುಗಾತ್ರ, ಸಮೀಪದಲ್ಲಿ ದುರಸ್ತಿಯ ಅನುಕೂಲ ಇವು ನಾಲ್ಕೂ ಇದ್ದರೆ ಮಾತ್ರ. ಸಾಲದ ಹಣ ನಾಲ್ಕಕ್ಕೂ ಸಾಲದೆಂದಾದರೆ ಯಂತ್ರವನ್ನು ಬಿಡಬೇಕು, ಉದ್ದವನ್ನು ಬಿಡಬೇಕು, ಬಣ್ಣವನ್ನು ಬಿಡಬೇಕು; ತೇಲುಪೆಟ್ಟಿಗೆಯನ್ನು ಬಿಡಬಾರದು.

ಇನ್ನೊಂದು ಮಾತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನೆಂಬ ಗಾದೆಯಂತೆ, ಹೊಸ ದೋಣಿ ಬಂದ ದಿನವೇ ಹಳೆಯ ಹರಿಗೋಲನ್ನು ಮಾರಿಬಿಡುವ ಆತುರವನ್ನು ತೋರಬಾರದು. ಒಂದು ಮಳೆಗಾಲ, ಒಂದು ಬೇಸಗೆ ಕಳೆಯಲಿ. ನೀರು ಬಂಡೆಗಳ ನಡುವಣ ಮಡುಗಳಿಗೆ ಇಳಿದಾಗ, ತಲೆಯ ಮೇಲೆ ಹೊತ್ತೊಯ್ಯಬಹುದಾದ ಆ ಬುಟ್ಟಿಯೇ ಮತ್ತೆ ಬೇಕಾಗುತ್ತದೆ.